6,000 ವರ್ಷವೋ, 1,380 ಕೋಟಿಯೋ? ಈ ಹಾದಿಯಲ್ಲಿ ನಡೆದವರು ಹೇಳಿ

ಕೇಳಿದವರು: ಮೈಸೂರು, ಭೂವಿಜ್ಞಾನ ವಿದ್ಯಾರ್ಥಿ

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆ. ಅಪ್ಪ ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದಾರೆ. ಕಳೆದ ತಿಂಗಳು ಯೂತ್ ಮೀಟಿಂಗ್‌ಗೆ ಬಂದಿದ್ದ ಪ್ರಸಂಗಿಯೊಬ್ಬರು, ಭೂಮಿಗೆ ಆಗಿರುವುದೇ 6,000 ವರ್ಷ, ಇದನ್ನು ನಂಬದವನು ಸತ್ಯವೇದವನ್ನೇ (ಬೈಬಲ್) ನಂಬದವನು ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಆಮೆನ್ ಅಂದರು. ನಾನು ಹಿಂದಿನ ವಾರವಷ್ಟೇ ಫೀಲ್ಡ್‌ನಲ್ಲಿ ಸುತ್ತಿಗೆ ಹಿಡಿದು, ನೂರಾರು ಕೋಟಿ ವರ್ಷ ಹಳೆಯದು ಅನ್ನುವ ಗ್ನೈಸ್ ಬಂಡೆ ಒಡೆದು ಬಂದವನು. ನನಗೆ ಕಲ್ಲೂ ಬೇಕು, ಕರ್ತನೂ ಬೇಕು. ನೀವೆಲ್ಲ ಏನು ಮಾಡಿದಿರಿ?

ಮಂಗಳೂರು, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ತಮ್ಮಾ, ನಾವು ಕೆಥೋಲಿಕರು. ನಮ್ಮಲ್ಲಿ ಈ ಜಗಳ ಇಷ್ಟು ಬಿಸಿ ಇಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿದ, 1931ರಲ್ಲಿ ಎಲ್ಲವೂ ಒಂದು ಆದಿ ಅಣುವಿನಿಂದ ಹೊರಟಿತು ಎಂದ ಜಾರ್ಜ್ ಲೆಮೆತ್ರ್ ಸ್ವತಃ ಬೆಲ್ಜಿಯಂನ ಪಾದ್ರಿ. ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ನಂಬುತ್ತಿರಲಿಲ್ಲ. ಆದರೆ ನನಗೆ ಹಿಡಿಸಿದ್ದು ಆಮೇಲಿನ ಕಥೆ. 1951ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು, ಸೃಷ್ಟಿಯ ವೇಳೆ ದೇವರು ಆಡಿದ ‘ಬೆಳಕಾಗಲಿ’ ಎಂಬ ಮಾತಿಗೆ ಈಗ ವಿಜ್ಞಾನವೇ ಸಾಕ್ಷಿ ಎಂಬರ್ಥದಲ್ಲಿ ಭಾಷಣ ಮಾಡಿದರು. ಹಿಗ್ಗಬೇಕಾಗಿದ್ದ ಲೆಮೆತ್ರ್‌ಗೆ ಕಸಿವಿಸಿಯಾಯಿತು. ತನ್ನ ಸಿದ್ಧಾಂತವನ್ನು ದೇವರ ಪರವಾಗಿಯೂ ಎಳೆಯಬೇಡಿ, ವಿರುದ್ಧವಾಗಿಯೂ ಎಳೆಯಬೇಡಿ ಎಂಬುದು ಅವರ ನಿಲುವು. ಆ ಸಿದ್ಧಾಂತಕ್ಕೆ ಈಗಿನ ಹೆಸರು ಬಿಗ್ ಬ್ಯಾಂಗ್. ಪ್ರಸಂಗದಲ್ಲಿ ಅದನ್ನು ತಂದು ತುರುಕುವವರನ್ನು ಕಂಡರೆ ನನಗೂ ಅದೇ ಕಸಿವಿಸಿ.

ಇನ್ನು ವಯಸ್ಸಿನ ಮಾತು. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ಎಂಬುದು ವಿಜ್ಞಾನದ ಲೆಕ್ಕ. 1987ರ ಫೆಬ್ರವರಿಯಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ನಕ್ಷತ್ರ ಸಿಡಿದದ್ದು ಬರಿಗಣ್ಣಿಗೇ ಕಂಡಿತು. ಅದು ಇದ್ದದ್ದು ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಅದರ ಬೆಳಕು ನಮ್ಮನ್ನು ತಲುಪಲು ಅಷ್ಟು ವರ್ಷ ಬೇಕು. ದೇವರು ಬೆಳಕನ್ನು ಅರ್ಧ ದಾರಿಯಲ್ಲೇ ಉಂಟುಮಾಡಿರಬಹುದಲ್ಲ ಎಂದು ನಮ್ಮ ಭಾವ ವಾದಿಸಿದರು. ಸರಿ, ಹಾಗಾದರೆ 6,000 ವರ್ಷದ ಲೆಕ್ಕದಲ್ಲಿ ನಾವು ಕಂಡ ಆ ಸಿಡಿತ ನಡೆದೇ ಇಲ್ಲ. ಎಂದೂ ಆಗದ ಸಾವಿನ ಚಿತ್ರವನ್ನು ದೇವರು ನಮ್ಮ ಕಣ್ಣಿಗೆ ಕಳಿಸಿದ ಹಾಗಾಯಿತು. ಸುಳ್ಳಾಡದ ದೇವರು ಅನ್ನುವವರೂ ನಾವೇ, ಆತನ ಕೈಯಲ್ಲಿ ಆಕಾಶದ ತುಂಬ ಸುಳ್ಳು ಬರೆಸುವವರೂ ನಾವೇ. ಭಾವನಿಗೆ ಉತ್ತರ ಹೊಳೆಯಲಿಲ್ಲ. ಆ ವರ್ಷ ಕ್ರಿಸ್ಮಸ್‌ಗೆ ಅವರ ಮನೆಯಿಂದ ಕುಸ್ವಾರ್ (ಹಬ್ಬದ ತಿಂಡಿ) ತಟ್ಟೆಯೂ ಬರಲಿಲ್ಲ. ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹುಬ್ಬಳ್ಳಿ, ಶಾಲಾ ಶಿಕ್ಷಕಿ

ನಮ್ಮದು ಪೆಂತೆಕೋಸ್ತ್ ಸಭೆರೀ. ಸರ್ ಹೇಳಿದ ಬೆಳಕಿನ ಲೆಕ್ಕ ನಮ್ಮ ಕೂಟದಾಗ ನಡಿಯಂಗಿಲ್ಲ, ‘ಅದು ಮನುಷ್ಯರ ಜ್ಞಾನ’ ಅಂತ ಒಂದ ಮಾತಿನ್ಯಾಗ ಮುಚ್ಚಿಬಿಡ್ತಾರ. ನನಗ ದಾರಿ ಸಿಕ್ಕಿದ್ದು ವಾಕ್ಯದ ಒಳಗಿಂದನ. ಈ 6,000 ಅನ್ನೋ ಅಂಕಿ ಸತ್ಯವೇದದಾಗ ಎಲ್ಲಿ ಅದ ಅಂತ ಹುಡುಕಿದೆ. ಎಲ್ಲೂ ಇಲ್ಲ! ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅನ್ನೋರು ವಂಶಾವಳಿ, ಅರಸರ ಕಾಲ ಎಲ್ಲಾ ಕೂಡಿಸಿ, ಸೃಷ್ಟಿ ಆಗಿದ್ದು ಕ್ರಿ.ಪೂ. 4004ರಾಗ ಅಂತ 1650ರಾಗ ಪುಸ್ತಕ ಅಚ್ಚು ಹಾಕಿಸಿದ್ರು. ಮುಂದ ಇಂಗ್ಲಿಷ್ ಬೈಬಲ್ಲಿನ ಅಂಚಿನ್ಯಾಗ ಆ ಇಸವಿ ಬಂತು. ಅಂಚಿನ್ಯಾಗ ಇದ್ದದ್ದು ಮಂದಿ ಬಾಯಾಗ ವಾಕ್ಯನ ಆಗಿಬಿಡ್ತು.

ವಂಶಾವಳಿ ಕೂಡಿಸಬೇಕಂದ್ರ ನಡುವ ಒಂದೂ ಹೆಸರು ಬಿಟ್ಟಿರಬಾರದಲ್ಲರೀ? ಯೇಸುವಿನ ವಂಶಾವಳಿ ಇರೋ ಮತ್ತಾಯನ ಮೊದಲನೇ ಅಧ್ಯಾಯ ನೋಡ್ರಿ. ಯೋರಾಮ ಆದಮ್ಯಾಲ ಸೀದಾ ಉಜ್ಜೀಯ ಬರ್ತಾನ. ನಡುವಿನ ಅಹಜ್ಯ, ಯೋವಾಷ, ಅಮಚ್ಯ, ಮೂರೂ ಮಂದಿ ಅರಸರು ಇಲ್ಲ. ಅಂದ್ರ ‘ಪಡೆದನು’ ಅಂದಲ್ಲೆ ಮಗನ ಆಗಬೇಕಂತಿಲ್ಲ, ಮರಿಮಗನ ಮಗನೂ ಆಗಬಹುದು. ಇದನ್ನ ನಮ್ಮ ಪಾಸ್ಟರಮ್ಮನವರಿಗೆ ತೋರಿಸಿದೆ. ಅವರೇನು ಒಪ್ಪಲಿಲ್ಲ. ಆದ್ರ ಅವತ್ತಿನಿಂದ ನನಗ ‘ವಾಕ್ಯ ಓದಾಕಿ’ ಅಂತಾರ. ಅಷ್ಟ ಸಾಕಾಗೇದ.

ಶಿವಮೊಗ್ಗ

ದೇವರು ಆರು ದಿನದಲ್ಲಿ ಸೃಷ್ಟಿ ಮಾಡಿದ ಅಂದರೆ ಆರು ದಿನವೇ ಎಂದು ನಂಬುವವನು ನಾನು. ಕಾನಾ ಊರಿನ ಮದುವೆಯಲ್ಲಿ ಕರ್ತನಾದ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ. ಅದನ್ನು ಲ್ಯಾಬಿಗೆ ಕೊಟ್ಟಿದ್ದರೆ ಚೆನ್ನಾಗಿ ಕಳಿತ ರಸ ಎಂದೇ ರಿಪೋರ್ಟ್ ಬರುತ್ತಿತ್ತು. ನಿಮ್ಮ ಕಲ್ಲೂ ಹಾಗೆಯೇ ಯಾಕಾಗಿರಬಾರದು? ಆದರೆ ಆ ಪ್ರಸಂಗಿ ಹಾಗೆ ಹೇಳಬಾರದಿತ್ತು. ಪ್ರತಿ ಭಾನುವಾರ ಎದ್ದುನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಭೂಪರಲೋಕಗಳನ್ನು ಉಂಟುಮಾಡಿದಾತ ಅಂತ ಇದೆ, ಇಸವಿ ಇಲ್ಲ. ನಿಮ್ಮನ್ನು ನನ್ನ ತಮ್ಮ ಅನ್ನುವುದಕ್ಕೆ ನನಗೆ ಕಲ್ಲಿನ ವಯಸ್ಸು ಬೇಕಾಗಿಲ್ಲ.

ಕೋಲಾರ, ಕಲ್ಲಿನ ಕೆಲಸದಲ್ಲೇ ಕೂದಲು ನರೆತವನು

ಶಿವಮೊಗ್ಗದವರ ದ್ರಾಕ್ಷಾರಸದ ಮಾತು ಚೆನ್ನಾಗಿದೆ, ನಾನೂ ಬಹಳ ದಿನ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಕಲ್ಲು ಸುಮ್ಮನೆ ಮುದಿಯಾಗಿ ಕಾಣುವುದಿಲ್ಲ ಸ್ವಾಮಿ, ಅದರೊಳಗೆ ಒಂದರ ಮೇಲೊಂದು ಸಂಗತಿ ನಡೆದಿರುತ್ತದೆ. ಒಮ್ಮೆ ಬೆಂದಿದೆ, ಬಾಗಿದೆ, ಆಮೇಲೆ ಬಿರಿದಿದೆ, ಆ ಬಿರುಕಿನೊಳಗೆ ಬೇರೆ ಕಲ್ಲು ಕರಗಿ ನುಗ್ಗಿದೆ. ಕಾನಾದ ಬಾನೆಯ ತಳದಲ್ಲಿ ಹುಳ ಕೊರೆದ ದ್ರಾಕ್ಷಿ ಬೀಜ, ತುಳಿದವನ ಹಿಮ್ಮಡಿಯ ಗುರುತು ಸಿಕ್ಕಿದ್ದರೆ ಏನನ್ನುತ್ತಿದ್ದಿರಿ?

ಕಾರ್ಬನ್ ಡೇಟಿಂಗ್ ಸುಳ್ಳು ಎಂದೂ ಆ ಪ್ರಸಂಗಿ ಹೇಳಿರಬೇಕು, ಎಲ್ಲರೂ ಹೇಳುತ್ತಾರೆ. ಇಂಥ ಕಲ್ಲಿಗೆ ಕಾರ್ಬನ್ ಬಳಸುವುದೇ ಇಲ್ಲ. ಕಾರ್ಬನ್ 14ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಕಾಲ, 5,730 ವರ್ಷ. ಐವತ್ತು ಸಾವಿರ ವರ್ಷದಾಚೆಗೆ ಅಳೆಯಲು ಏನೂ ಉಳಿಯುವುದಿಲ್ಲ. ಚಿನ್ನದ ತಕ್ಕಡಿ ಲಾರಿ ತೂಗುವುದಿಲ್ಲ ಎಂದು ದೂರಿದ ಹಾಗೆ ಅದು. ಕಲ್ಲಿಗೆ ಯುರೇನಿಯಂ, ಸೀಸ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ಎಷ್ಟು ಆಗಿದೆ ಎಂದು ನೋಡಿ ವಯಸ್ಸು ಹೇಳುತ್ತಾರೆ. ಯುರೇನಿಯಂ 238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು. ಆ ದಾರಿಯಲ್ಲೇ 1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು ಭೂಮಿಗೆ 455 ಕೋಟಿ ಎಂದರು. ಇವತ್ತಿಗೂ ಅದು ಹೆಚ್ಚು ಕದಲಿಲ್ಲ. ಅಪ್ಪನನ್ನು ಒಮ್ಮೆ ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿ. ಸುಮಾರು 300 ಕೋಟಿ ವರ್ಷದ್ದು. ವಾದ ಮಾಡಬೇಡಿ, ಸುಮ್ಮನೆ ಕೂರಿಸಿ.

ಬೆಂಗಳೂರು

ವಯಸ್ಸಿನದು ನನಗೆ ಬೇಗ ಬಗೆಹರಿಯಿತು. ಸೂರ್ಯನೇ ನಾಲ್ಕನೆಯ ದಿನ ಬಂದರೆ ಮೊದಲ ಮೂರು ದಿನ ಯಾವ ತರಹದ ದಿನ ಎಂದು ಮೂರನೆಯ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಕೇಳಿಯಾಗಿತ್ತು. ಟೆಲಿಸ್ಕೋಪ್‌ಗೆ ಹೆದರಿ ಹುಟ್ಟಿದ ಪ್ರಶ್ನೆಯಲ್ಲ ಅದು. ನನ್ನನ್ನು ಕಾಡಿದ್ದು ಸಾವು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಒಬ್ಬನಿಂದ ಪಾಪ, ಪಾಪದಿಂದ ಮರಣ ಅನ್ನುತ್ತದೆ. ಬಂಡೆಗಳ ಪದರದಲ್ಲಿ ನೋಡಿದರೆ ಮನುಷ್ಯ ಬರುವ ಕೋಟ್ಯಂತರ ವರ್ಷ ಮೊದಲೇ ಒಂದನ್ನೊಂದು ತಿಂದು ಸತ್ತ ಪ್ರಾಣಿಗಳು. ಪೌಲನು ಹೇಳಿದ್ದು ಮನುಷ್ಯರ ಮರಣ ಮಾತ್ರ ಎಂದು ನಮ್ಮ ಅಚ್ಚನವರು (ಪಾದ್ರಿ) ವಿವರಿಸಿದರು. ಅರ್ಧ ಸಮಾಧಾನವಾಯಿತು. ಇನ್ನರ್ಧ 104ನೆಯ ಕೀರ್ತನೆಯಿಂದ: ಅಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುವುದು ಶಾಪವಲ್ಲ, ದೇವರ ಹತ್ತಿರ ಊಟ ಕೇಳುವುದು. ಪೂರ್ತಿ ಅರಗಿದೆ ಅಂತ ಹೇಳಲಾರೆ. ಎರಡು ವರ್ಷ ಚರ್ಚ್ ಬಿಟ್ಟಿದ್ದೆ, ಈಗ ಹೋಗುತ್ತೇನೆ, ಹಿಂದಿನ ಬೆಂಚಿಗೆ.

ಮೈಸೂರು (ಕೇಳಿದವರೇ, ಮೂರು ವಾರದ ನಂತರ)

ಎಲ್ಲರಿಗೂ ವಂದನೆ. ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅಪ್ಪನನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋದೆ. ಅಲ್ಲಿನ ಫಲಕವನ್ನು ಎರಡು ಸಲ ಓದಿ, ‘ಸೊನ್ನೆ ಜಾಸ್ತಿ ಬಿದ್ದಿರಬೇಕು’ ಅಂದರು. ನಾನು ಏನೂ ಹೇಳಲಿಲ್ಲ, ಕಡಲೆಕಾಯಿ ತಿಂದೆವು. ವಾಪಸ್ ರೈಲಿನಲ್ಲಿ ಮತ್ತಾಯನ ವಂಶಾವಳಿ ವಿಷಯ ಎತ್ತಿದೆ. ಅದಕ್ಕೆ ಮಾತ್ರ ಕಿವಿ ನೆಟ್ಟಗಾಯಿತು, ಬಿಟ್ಟುಹೋದ ಆ ಮೂವರು ಅರಸರ ಕಥೆ ಎಲ್ಲಿದೆ ತೋರಿಸು ಅಂದರು. ನನಗೆ ತಕ್ಷಣ ಸಿಗಲಿಲ್ಲ. ಹುಬ್ಬಳ್ಳಿ ಅಕ್ಕ, ಅಧ್ಯಾಯ ಹೇಳ್ತೀರಾ?

ಹುಬ್ಬಳ್ಳಿ, ಶಾಲಾ ಶಿಕ್ಷಕಿ

ಎರಡನೆಯ ಪೂರ್ವಕಾಲವೃತ್ತಾಂತ 22ರಿಂದ 26ರ ತನಕ. ಮತ್ತಾಯ 1:8ರ ಜೋಡಿ ಇಟ್ಟುಕೊಂಡು ಓದಸ್ರಿ. ಅವರನ್ನ ಓದಾಕ ಬಿಡ್ರಿ, ನೀವು ಓದಬ್ಯಾಡ್ರಿ.