ರಗ್ಬಿ ಲೀಗ್ ಸೀಸನ್ ಟಿಕೆಟ್ ತಗೊಂಡವರು ಯಾರಾದರೂ ಇದ್ದೀರಾ? ದುಡ್ಡಿಗೆ ಮೋಸ ಇಲ್ವಾ?

ಹೆಡಿಂಗ್ಲಿ ಹೊಸಬ

ಎಲ್ಲರಿಗೂ ನಮಸ್ಕಾರ. ಲೀಡ್ಸ್‌ಗೆ ಬಂದು ಎರಡು ವರ್ಷ ಆಯಿತು. ಹೆಡಿಂಗ್ಲಿ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು 2002ರ ದ್ರಾವಿಡ್ 148 ಮಾತ್ರ. ಅದೇ ಸ್ಟ್ಯಾಂಡಿನ ಬೆನ್ನಿಗೆ ಇನ್ನೊಂದು ಮೈದಾನ ಇದೆ, ಅಲ್ಲಿ ಲೀಡ್ಸ್‌ನ ರಗ್ಬಿ ಲೀಗ್ ತಂಡ ರೈನೋಸ್ ಆಡುತ್ತದೆ ಅಂತ ಗೊತ್ತಾಗಿದ್ದು ಮಗ ಶಾಲೆಯಲ್ಲಿ ಟ್ಯಾಗ್ ರಗ್ಬಿ ಶುರು ಮಾಡಿದ ಮೇಲೆ. ಅವನಿಗೆ 9 ವರ್ಷ. 2025ರಲ್ಲಿ ಮೂರು ಮ್ಯಾಚಿಗೆ ಬಿಡಿ ಟಿಕೆಟ್ ತಗೊಂಡು ಹೋದೆವು. ಈಗ 2026ಕ್ಕೆ ಸೀಸನ್ ಟಿಕೆಟ್ಟೇ (ವರ್ಷದ ಮನೆ ಪಂದ್ಯಕ್ಕೆಲ್ಲ ಒಂದೇ ಟಿಕೆಟ್) ಬೇಕಂತೆ, ಊಟ ಬಿಟ್ಟು ಕೂತಿದ್ದಾನೆ. ಇಬ್ಬರಿಗೂ ಸೇರಿ 350 ಪೌಂಡ್ ದಾಟುತ್ತದೆ. ನನಗೆ ತಿಂಗಳಿಗೆ ಆರೇಳು ನೈಟ್ ಶಿಫ್ಟ್. ಹೆಂಡತಿಗೆ ಚಳಿ ಆಗಿಬರಲ್ಲ.

ಎರಡೇ ಪ್ರಶ್ನೆ. ನೈಟ್ ಶಿಫ್ಟ್ ಇರುವವರಿಗೆ ಎಷ್ಟು ಮ್ಯಾಚ್ ಸಿಗುತ್ತೆ? ಹೋಗಲು ಆಗದ ದಿನ ಟಿಕೆಟ್ ಬೇರೆಯವರಿಗೆ ಕೊಡಬಹುದಾ?

ಕ್ರೇವನ್ ಪಾರ್ಕ್ ಕಾಕಾ

ತಮ್ಮಾ, ನನ್ನ ಕಥೆ ಕೇಳು, ಆಮೇಲೆ ಲೆಕ್ಕ ಹಾಕು. ನಾನು ಹಲ್ ಊರಿನ ಪೂರ್ವ ಭಾಗದಲ್ಲಿ ಇರುವವನು. ಮೂಲ ಗದಗ. ಮೊದಲ ಸೀಸನ್ ಟಿಕೆಟ್ ತಗೊಂಡಿದ್ದು 2016ರಲ್ಲಿ. ನಮ್ಮ ತಂಡ ಹಲ್ ಕೆಆರ್ ಆ ವರ್ಷವೇ ಸೂಪರ್ ಲೀಗ್‌ನಿಂದ, ಅಂದ್ರೆ ಮೇಲಿನ ಡಿವಿಷನ್‌ನಿಂದ, ಕೆಳಗೆ ಇಳಿಯಿತು. ಹೇಗೆ ಇಳಿಯಿತು ಅಂತ ಗೊತ್ತಾ? ಅಕ್ಟೋಬರ್ 1, ಸಾಲ್‌ಫರ್ಡ್ ವಿರುದ್ಧ, ಮಿಲಿಯನ್ ಪೌಂಡ್ ಗೇಮ್, ಅಂದ್ರೆ ಸೋತವರು ಕೆಳಗೆ. ನಮ್ಮದೇ ಮೈದಾನ. ಕೊನೆಯ ಕೆಲವು ನಿಮಿಷದವರೆಗೂ ನಾವೇ ಮುಂದೆ. ಆಮೇಲೆ ಸರಿಸಮ ಆಗಿ ಗೋಲ್ಡನ್ ಪಾಯಿಂಟ್‌ಗೆ ಹೋಯಿತು, ಅಂದ್ರೆ ಮೊದಲು ಪಾಯಿಂಟ್ ಮಾಡಿದವರೇ ಗೆದ್ದ ಹಾಗೆ. ಅವರ ಗ್ಯಾರೆತ್ ಓಬ್ರಯನ್ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು ಒಂದು ಡ್ರಾಪ್ ಗೋಲ್ ಹೊಡೆದ. 19-18. ನನ್ನ ಪಕ್ಕದ ಸೀಟಿನ ಮುದುಕ ಅಳುತ್ತಿದ್ದ. ನನಗೆ ಆಟದ ನಿಯಮವೇ ಅರ್ಧ ಗೊತ್ತಿರಲಿಲ್ಲ, ನಾನೂ ಅತ್ತೆ.

ಮಾರನೇ ವಾರ ಮನೆಯಲ್ಲಿ ಕೇಳಿದಳು, ಇನ್ನಾದರೂ ಬಿಡ್ತೀರಿ ಅಲ್ವಾ ಅಂತ. ನಾನು ರಿನ್ಯೂ ಮಾಡಿದೆ. ಹತ್ತು ಸೀಸನ್, 2,500 ಪೌಂಡ್ ಮೇಲೆ ಹೋಗಿದೆ. 2020ರಲ್ಲಿ ಕಡೆಯ ಸ್ಥಾನ. 2023ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ಲೀ ಊರಿನ ತಂಡದ ವಿರುದ್ಧ ಮತ್ತೆ ಗೋಲ್ಡನ್ ಪಾಯಿಂಟ್, 17-16 ಸೋಲು. 2024ರ ಗ್ರ್ಯಾಂಡ್ ಫೈನಲ್ (ಸೂಪರ್ ಲೀಗ್ ಚಾಂಪಿಯನ್ ಯಾರು ಅಂತ ತೀರ್ಮಾನ ಆಗುವ ಪಂದ್ಯ), ವಿಗನ್ ವಿರುದ್ಧ 9-2 ಸೋಲು. ಆದರೆ 2025ರ ಜೂನ್ 7, ವೆಂಬ್ಲಿ, ಮತ್ತೆ ಕಪ್ ಫೈನಲ್. ಆಟ ಮುಗಿಯುವ ಹೂಟರ್‌ಗೆ ಸ್ವಲ್ಪ ಮುಂಚೆ ನಮ್ಮ ಟಾಮ್ ಡೇವಿಸ್ ಟ್ರೈ (ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತುವುದು), ಮಿಕಿ ಲೂಯಿಸ್ ಕನ್ವರ್ಷನ್ (ಟ್ರೈ ಆದ ಮೇಲಿನ ಒದೆ), 8-6 ಗೆಲುವು. ನಲವತ್ತು ವರ್ಷದ ನಂತರ ದೊಡ್ಡ ಕಪ್. ಆಮೇಲೆ ಲೀಗ್‌ನಲ್ಲೂ ಮೊದಲ ಸ್ಥಾನ, ಅಕ್ಟೋಬರ್‌ನಲ್ಲಿ ಅದೇ ವಿಗನ್ ವಿರುದ್ಧ ಗ್ರ್ಯಾಂಡ್ ಫೈನಲ್ 24-6. ಆ ಮುದುಕ ನೋಡಲು ಇರಲಿಲ್ಲ. ಅವನ ಸೀಟಿನಲ್ಲಿ ಮೊಮ್ಮಗಳು ಕೂರುತ್ತಾಳೆ. ಟಿಕೆಟ್ ತಗೋ ತಮ್ಮಾ.

ಲೆಕ್ಕದ ಮೇಷ್ಟ್ರು

ಕಾಕಾ ಅವರ ಕಣ್ಣೀರಿಗೆ ನಮಸ್ಕಾರ. ಆದರೆ ಪ್ರಶ್ನೆ ದುಡ್ಡಿನದು. ನಾನು ಒಂದೇ ಸೀಸನ್ ತಗೊಂಡು ಬಿಟ್ಟವನು. ಕ್ಲಬ್ ಹೆಸರು ಬೇಡ. ಎಂ62 ಹೆದ್ದಾರಿ ಪಕ್ಕದ ಒಂದು ಊರು ಅಂತ ಇಟ್ಟುಕೊಳ್ಳಿ, ಹಾಗೆ ಹತ್ತು ಊರು ಇವೆ. ಎಕ್ಸೆಲ್ ಇನ್ನೂ ಇದೆ ನನ್ನ ಹತ್ತಿರ.

ನನ್ನದು 310, ಮಗಳದು 60. ಒಟ್ಟಿಗೆ ಕಟ್ಟಲು ಆಗಲ್ಲ ಅಂತ ಡೈರೆಕ್ಟ್ ಡೆಬಿಟ್ ಹಾಕಿದೆ, ಅದಕ್ಕೆ 22 ಜಾಸ್ತಿ. ಒಂದು ತಿಂಗಳು ಎರಡು ಸಲ ಕಡಿತ ಮಾಡಿದರು. ವಾಪಸ್ ಬರಲು ಐದು ವಾರ, ಒಂಬತ್ತು ಇಮೇಲ್. ಮನೆ ಪಂದ್ಯ 13. ಅದರಲ್ಲಿ ನಾವು ಹೋಗಿದ್ದು 7. ಯಾಕೆ? ಟಿಕೆಟ್ ಮಾರುವಾಗ ಭಾನುವಾರ ಮಧ್ಯಾಹ್ನ 3 ಗಂಟೆ ಅಂತ ಇದ್ದ ಪಂದ್ಯ, ಟಿವಿಯವರು ಆರಿಸಿಕೊಂಡ ಮೇಲೆ ಗುರುವಾರ ರಾತ್ರಿ 8 ಆಗುತ್ತದೆ. ಮುಗಿಯುವಾಗ ಹತ್ತು. ಮನೆಗೆ ಹನ್ನೊಂದು. ಬೆಳಿಗ್ಗೆ ಮಗು ಶಾಲೆಗೆ ಏಳುತ್ತಾ?

ಈಗ ಲೆಕ್ಕ. ಟಿಕೆಟ್ 392. ಪಾರ್ಕಿಂಗ್ 6ರಂತೆ ಏಳು ಸಲ, 42. ಚಿಪ್ಸು, ಪೈ, ಟೀ ಸೇರಿ ಪ್ರತಿ ಸಲ 14, ಅಂದ್ರೆ 98. ಮಗಳಿಗೆ ಜೆರ್ಸಿ 45, ಅದು ಮುಂದಿನ ವರ್ಷಕ್ಕೆ ಗಿಡ್ಡ ಆಯಿತು. ಒಟ್ಟು 577. ಒಂದು ಮ್ಯಾಚಿಗೆ 82 ಪೌಂಡ್! ಅದೇ ಬಿಡಿ ಟಿಕೆಟ್ ನನಗೆ 28, ಅವಳಿಗೆ 8.

ಕ್ರೇವನ್ ಪಾರ್ಕ್ ಕಾಕಾ

ಮೇಷ್ಟ್ರೇ, ಪೈ ಮತ್ತು ಪಾರ್ಕಿಂಗ್ ಯಾಕೆ ಸೇರಿಸಿದಿರಿ? ಬಿಡಿ ಟಿಕೆಟ್ ತಗೊಂಡು ಹೋದರೆ ಕಾರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗ್ತೀರಾ? ಏಳು ಮ್ಯಾಚಿಗೆ ಬಿಡಿಯಾಗಿ 252. ನೀವು ಕೊಟ್ಟಿದ್ದು 392. ನಷ್ಟ 140. ಅಷ್ಟೇ. ಹನ್ನೊಂದು ಮ್ಯಾಚಿಗೆ ಹೋಗಿದ್ದರೆ ಗೆಲ್ಲುತ್ತಿದ್ದಿರಿ. ನಿಮ್ಮ ಸೋಮಾರಿತನವನ್ನು ಕ್ಲಬ್ ತಲೆಗೆ ಕಟ್ಟಬೇಡಿ.

ಲೆಕ್ಕದ ಮೇಷ್ಟ್ರು

ಸೋಮಾರಿ ಅಂದಿರಾ? ನಾನು ಎರಡು ಕೆಲಸ ಮಾಡುವವನು ಸ್ವಾಮಿ. ನಿಮ್ಮ ಹಾಗೆ ಮೈದಾನದಿಂದ ಹತ್ತು ನಿಮಿಷದಲ್ಲಿ ಮನೆ ಇಲ್ಲ.

ವಿಗನ್ ಅಕ್ಕ

ಅಯ್ಯೋ ಮಾರಾಯ್ರೆ, ಜಗಳ ಬೇಡ. ನನ್ನದು ಕೇಳಿ, ನಿಮ್ಮದೆಲ್ಲ ಏನೂ ಅಲ್ಲ.

ನಾನು ನರ್ಸು, ಊರು ಪುತ್ತೂರು. ಅಲ್ಲಿ ಅಣ್ಣಂದಿರು ಕಬಡ್ಡಿ ಆಡುತ್ತಿದ್ದರು. ಇಲ್ಲಿ ಮೊದಲ ಸಲ ಲೀಗ್ ನೋಡಿದಾಗ ಇದು ನಮ್ಮದೇ ಆಟ ಅನ್ನಿಸಿತು. ಓಡಿ ಬರ್ತಾರೆ, ಮೂರು ಜನ ಸೇರಿ ಹಿಡಿದು ಕೆಡವುತ್ತಾರೆ, ಎದ್ದು ಮತ್ತೆ. ಆರು ಸಲ ಹಿಡಿಸಿಕೊಂಡರೆ ಚೆಂಡು ಆಚೆಯವರಿಗೆ. ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಅನ್ನುವುದು ಒಂದು ಇಲ್ಲ. 2019ರಿಂದ ನಾನೂ ಯಜಮಾನರೂ ಟಿಕೆಟ್ ತಗೊಂಡೆವು. 2020ರಲ್ಲಿ ಮಾರ್ಚ್‌ಗೇ ಎಲ್ಲ ನಿಂತಿತು, ಆಗಸ್ಟ್‌ನಲ್ಲಿ ಶುರು ಆದಾಗ ಖಾಲಿ ಸ್ಟ್ಯಾಂಡು. ಆದರೂ ಬಿಡಲಿಲ್ಲ. 2023ರಲ್ಲಿ ವಿಗನ್ ಗ್ರ್ಯಾಂಡ್ ಫೈನಲ್ ಗೆದ್ದಿತು. ಆ ಚಳಿಗಾಲ ನನಗೆ ಎರಡನೇ ಬಾಣಂತನ. ಒಂದು ವರ್ಷ ಬಿಡೋಣ, ಮಗು ದೊಡ್ಡದಾಗಲಿ ಅಂದೆವು.

2024. ಫೆಬ್ರವರಿಯಲ್ಲಿ ವರ್ಲ್ಡ್ ಕ್ಲಬ್ ಚಾಲೆಂಜ್‌ಗೆ ಆಸ್ಟ್ರೇಲಿಯಾದ ಪೆನ್ರಿತ್ ನಮ್ಮ ಊರಿಗೇ ಬಂದು 16-12 ಸೋತು ಹೋಯಿತು. ಜೂನ್‌ನಲ್ಲಿ ವೆಂಬ್ಲಿ ಕಪ್. ಆಮೇಲೆ ಲೀಗ್‌ನಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಶೀಲ್ಡ್. ಆಮೇಲೆ ಗ್ರ್ಯಾಂಡ್ ಫೈನಲ್. ನಾಲ್ಕಕ್ಕೆ ನಾಲ್ಕು! ನಾನು ಮಗುವಿಗೆ ಹಾಲು ಕುಡಿಸುತ್ತಾ ಫೋನ್‌ನಲ್ಲಿ ನೋಡಿದೆ. ಐದು ವರ್ಷ ಮಳೆಯಲ್ಲಿ ನೆನೆದವರು ನಾವು, ಆರನೇ ವರ್ಷ ಹಬ್ಬದ ಊಟಕ್ಕೆ ನಾವಿಲ್ಲ. ನಮ್ಮ ಸೀಟು ಬೇರೆಯವರಿಗೆ ಹೋಗಿತ್ತು. ಈಗ ಸಿಕ್ಕಿರುವ ಸೀಟು ತೀರಾ ಮೂಲೆಯಲ್ಲಿ. ಆಚೆಯ 20 ಮೀಟರ್ ಗೆರೆಯ ಹತ್ತಿರ ಏನಾದರೂ ಆದರೆ ಕುತ್ತಿಗೆ ಚಾಚಬೇಕು. ಇನ್ನು ಬಿಡುವುದಿಲ್ಲ, ಸತ್ತರೂ ರಿನ್ಯೂ ಮಾಡಿಯೇ ಸಾಯುತ್ತೇನೆ.

ಕ್ರೇವನ್ ಪಾರ್ಕ್ ಕಾಕಾ

ಆ 9-2 ಗ್ರ್ಯಾಂಡ್ ಫೈನಲ್ ನೆನಪಿಸಿದ್ದಕ್ಕೆ ಧನ್ಯವಾದ ತಂಗಿ. 24-6 ಬಗ್ಗೆ ಒಂದು ಸಾಲೂ ಬರೆಯಲಿಲ್ಲ ನೋಡು.

ವಿಗನ್ ಅಕ್ಕ

ನೀವೇ ಎರಡು ಪ್ಯಾರಾ ಬರೆದಿದ್ದೀರಲ್ಲ ಕಾಕಾ, ಸಾಲದಾ?

ಮೈಸೂರು ಯೂನಿಯನ್

ಕ್ಷಮಿಸಿ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಲೀಗ್‌ಗೆ ಇಷ್ಟು ಖರ್ಚು ಮಾಡುವ ಬದಲು 15 ಜನರ ರಗ್ಬಿ ಯೂನಿಯನ್ ನೋಡಿ. ಪ್ರಪಂಚ ಎಲ್ಲ ಆಡುವುದು ಅದನ್ನೇ. ಮಗ ಮುಂದೆ ಒಳ್ಳೆಯ ಶಾಲೆಗೆ ಹೋದರೆ ಅಲ್ಲಿಯೂ ಅದೇ ಇರುತ್ತದೆ. ಲೀಗ್ ನಾಲ್ಕು ಊರಿನ ಆಟ.

ಓಡ್ಸಲ್ ಮಂಜ

‘ಒಳ್ಳೆಯ ಶಾಲೆ’! ಬಂತು ನೋಡಿ. ಸರ್, ಲೀಗ್ ಹುಟ್ಟಿದ್ದೇ ಈ ಮಾತಿಗೆ. 1895ರ ಆಗಸ್ಟ್ 29, ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್. ಗಣಿ, ಗಿರಣಿ ಕೆಲಸದವರು ಶನಿವಾರ ಆಡಬೇಕು ಅಂದ್ರೆ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನು ತುಂಬಿಕೊಡುತ್ತೇವೆ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ಲಂಡನ್ ದೊಡ್ಡ ಮನುಷ್ಯರು ಆಗಲ್ಲ ಅಂದರು. ಅದಕ್ಕೆ ಇವರು ಹೊರಗೆ ಬಂದು ಬೇರೆ ಒಲೆ ಹಚ್ಚಿದರು. ನಾಲ್ಕು ಊರಂತೆ. 1954ರಲ್ಲಿ ನಮ್ಮ ಬ್ರಾಡ್‌ಫರ್ಡ್‌ನ ಓಡ್ಸಲ್‌ನಲ್ಲಿ ಒಂದು ಕಪ್ ಫೈನಲ್ ಮರುಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕವರೇ 1,02,569 ಜನ.

ಲೆಕ್ಕದ ಮೇಷ್ಟ್ರು

ಚೆನ್ನಾಗಿದೆ. ಆಗ ಆಡುವವರಿಗೆ ಕಳೆದ ಕೂಲಿ ಕೊಟ್ಟರು. ಈಗ ಗುರುವಾರ ಶಿಫ್ಟ್ ಬಿಟ್ಟು ನೋಡಲು ಹೋಗುವವನಿಗೆ ಯಾರು ಕೊಡುತ್ತಾರೆ?

ಓಡ್ಸಲ್ ಮಂಜ

ಮೇಷ್ಟ್ರೇ, ನಿಮಗೆ ಟಿಕೆಟ್ ಪುಕ್ಕಟೆ ಕೊಟ್ಟರೂ ಪಾಪ್‌ಕಾರ್ನ್ ರೇಟ್ ಬರೆದುಕೊಂಡು ಬರ್ತೀರಿ.

ನನ್ನ ವಿಷಯ ಹೇಳುತ್ತೇನೆ. 2014ರಲ್ಲಿ ನಮ್ಮ ಬ್ರಾಡ್‌ಫರ್ಡ್ ಬುಲ್ಸ್ ಸೂಪರ್ ಲೀಗ್‌ನಿಂದ ಇಳಿದಾಗ ನಾನು ಇನ್ನೂ ಸ್ಟೂಡೆಂಟ್. ಆಮೇಲೆ ವರ್ಷಗಟ್ಟಲೆ ಕೆಳಗಿನ ಡಿವಿಷನ್ ನೋಡಿದೆ. ಟಿಕೆಟ್ ಅಗ್ಗ, ಜಾಗ ಬೇಕಾದಷ್ಟು, ಕಾಲು ಚಾಚಿ ಕೂರಬಹುದಿತ್ತು. ಓಡ್ಸಲ್ ಒಂದು ದೊಡ್ಡ ಬಾಣಲೆ ಇದ್ದ ಹಾಗೆ. ಗಾಳಿ ಒಳಗೆ ಇಳಿದರೆ ಮೇಲೆ ಹತ್ತುವುದೇ ಇಲ್ಲ. ಎರಡು ಸ್ವೆಟರ್, ಮೇಲೆ ಜರ್ಕಿನ್, ಆದರೂ ಮೂಳೆ ನಡುಗುತ್ತದೆ. 2026ರಿಂದ ಸೂಪರ್ ಲೀಗ್‌ನಲ್ಲಿ 14 ತಂಡ. ಬ್ರಾಡ್‌ಫರ್ಡ್, ಯಾರ್ಕ್, ತುಲೂಸ್ ಮೇಲೆ ಬಂದಿವೆ. ಅಂದ್ರೆ ಒಬ್ಬೊಬ್ಬರ ಮೇಲೆ ಮನೆಯಲ್ಲಿ ಒಂದು, ಹೊರಗೆ ಒಂದು. ಮೊದಲಿನ ಹಾಗೆ ಒಂದೇ ತಂಡ ಎರಡು ಸಲ ನಮ್ಮ ಮನೆಗೆ ಬರುವ ಬೇಜಾರು ಇಲ್ಲ. ಪಕ್ಕದ ಊರು ಲೀಡ್ಸ್ ಜೊತೆ ಡರ್ಬಿ ವಾಪಸ್. ಹೊಸಬರೇ, ಆ ದಿನ ನಿಮ್ಮ ಮಗನನ್ನು ನಮ್ಮ ಕಡೆ ಕೂರಿಸಿ, ಸರಿ ಮಾಡಿ ಕಳಿಸುತ್ತೇನೆ.

ಸೌತ್ ಸ್ಟ್ಯಾಂಡ್ ಸೀನ

ಕೈಗೆ ಸಿಕ್ಕ ಮಗುವನ್ನು ಕೆಡಿಸಬೇಡಿ. ಲೀಡ್ಸ್‌ನವನು ನಾನೊಬ್ಬನೇ ಇರುವುದು ಇಲ್ಲಿ, ನಾನೇ ಹೇಳಬೇಕು.

ಹೊಸಬರೇ, ಒಂದು ವಿಷಯ ಯಾರೂ ಹೇಳಲಿಲ್ಲ. ನನ್ನ ಟಿಕೆಟ್‌ನಲ್ಲಿ ಲೀಗ್ ಪಂದ್ಯ ಮಾತ್ರ. ಪ್ಲೇಆಫ್‌ಗೆ ಬೇರೆ ದುಡ್ಡು. ಮ್ಯಾಜಿಕ್ ವೀಕೆಂಡ್ (ಎಲ್ಲ ತಂಡ ಒಂದೇ ಸ್ಟೇಡಿಯಂನಲ್ಲಿ ಆಡುವ ವಾರಾಂತ್ಯ) ಬೇರೆ, 2026ರಲ್ಲಿ ಅದು ಲಿವರ್‌ಪೂಲ್‌ನಲ್ಲಿ, ಎವರ್ಟನ್ ಫುಟ್‌ಬಾಲ್ ಕ್ಲಬ್‌ನವರ ಹೊಸ ಸ್ಟೇಡಿಯಂನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ಎಲಿಮಿನೇಷನ್ ಪಂದ್ಯಕ್ಕೆ ಮತ್ತೆ ಕಾರ್ಡ್ ತಿಕ್ಕಿದೆ. ಎಂಬತ್ತು ನಿಮಿಷ ನಾವು ಗೆದ್ದೆವು. ಹೂಟರ್ ಆಯಿತು. ಪಕ್ಕದವನು ನನ್ನನ್ನು ಅಪ್ಪಿಕೊಂಡ. ಆದರೆ ಚೆಂಡು ಇನ್ನೂ ಆಟದಲ್ಲೇ ಇತ್ತು. ಅವರು ಆ ಕಡೆ ಈ ಕಡೆ ಎಸೆದು, ಒದ್ದು, ಕೊನೆಗೆ ಶೇನ್ ರೈಟ್ ಟ್ರೈ ಇಟ್ಟ. 16-14. ಅಪ್ಪಿಕೊಂಡವನು ಕೈ ಬಿಡುವುದನ್ನೇ ಮರೆತಿದ್ದ. ಆ ರಾತ್ರಿ ಬರ್ಲಿ ಪಾರ್ಕ್ ಸ್ಟೇಷನ್‌ವರೆಗೆ ಯಾರೂ ಮಾತಾಡಲಿಲ್ಲ.

ಕಾರು ಮಾತ್ರ ತರಬೇಡಿ. ಹೆಡಿಂಗ್ಲಿ ಸುತ್ತ ರಸ್ತೆಯಲ್ಲಿ ಪರ್ಮಿಟ್ ಇಲ್ಲದೆ ನಿಲ್ಲಿಸಿದರೆ ಪೆನಾಲ್ಟಿ ಚೀಟಿ ಗ್ಯಾರಂಟಿ. ನನಗೆ ಒಂದೇ ಸೀಸನ್‌ನಲ್ಲಿ ಎರಡು ಬಂತು. ಮೇಷ್ಟ್ರ ಎಕ್ಸೆಲ್‌ಗೆ ಸೇರಿಸಿಕೊಳ್ಳಲಿ.

ದಾವಣಗೆರೆ ಡಬ್ಬಿ

ನಾನು ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ. ಸೀಸನ್‌ಗೆ ನೂರು ಪೌಂಡ್ ಉಳಿಯುತ್ತದೆ. ಹಿಂದಿನ ಸಾಲಿನ ಅಜ್ಜಿಗೆ ಈಗ ಅದೇ ಬೇಕು. ಆದರೆ ಸ್ಟೀಲ್ ಫ್ಲಾಸ್ಕ್ ಒಂದು ಕ್ಲಬ್‌ನಲ್ಲಿ ಗೇಟಿನಲ್ಲೇ ಕಿತ್ತುಕೊಂಡರು. ಮಾವ ಕೊಟ್ಟ ಫ್ಲಾಸ್ಕ್. ವಾಪಸ್ ಕೇಳಲು ಹೋದರೆ ಆ ಬುಟ್ಟಿಯೇ ಇಲ್ಲ.

ಹೆಡಿಂಗ್ಲಿ ಹೊಸಬ

ಎಲ್ಲರಿಗೂ ಧನ್ಯವಾದ. ತುಂಬಾ ವಿಷಯ ಗೊತ್ತಾಯಿತು. ಆದರೆ ನನ್ನ ನೈಟ್ ಶಿಫ್ಟ್ ಬಗ್ಗೆ, ಟಿಕೆಟ್ ಬೇರೆಯವರಿಗೆ ಕೊಡುವ ಬಗ್ಗೆ ಯಾರೂ ಹೇಳಲೇ ಇಲ್ಲ.

ವಿಗನ್ ಅಕ್ಕ

ಅಯ್ಯೋ, ಮರೆತೇಬಿಟ್ಟೆ. ನಮ್ಮಲ್ಲಿ ದೊಡ್ಡವರ ಟಿಕೆಟ್ಟನ್ನು ಫೋನ್‌ನಿಂದಲೇ ಗೆಳೆಯರಿಗೆ ಕಳಿಸಬಹುದು. ಮಕ್ಕಳ ಟಿಕೆಟ್‌ನಲ್ಲಿ ದೊಡ್ಡವರು ಹೋಗಬೇಕು ಅಂದ್ರೆ ಕೌಂಟರ್‌ನಲ್ಲಿ ವ್ಯತ್ಯಾಸ ಕಟ್ಟಬೇಕು. ನಿಮ್ಮ ಕ್ಲಬ್‌ನಲ್ಲಿ ಕೇಳಿಕೊಳ್ಳಿ. ಶಿಫ್ಟ್ ವಿಷಯ: ಪಂದ್ಯದ ಪಟ್ಟಿ ಬಂದ ಕೂಡಲೇ ರೋಸ್ಟರ್ ಮಾಡುವವರ ಹಿಂದೆ ಬೀಳಿ. ನಾನು ಕ್ರಿಸ್‌ಮಸ್ ರಾತ್ರಿ ಡ್ಯೂಟಿ ಒಪ್ಪಿಕೊಂಡು ಆರು ಶುಕ್ರವಾರ ಬಿಡಿಸಿಕೊಳ್ಳುತ್ತೇನೆ.

ಲೆಕ್ಕದ ಮೇಷ್ಟ್ರು

ಆ ಕ್ರಿಸ್‌ಮಸ್ ರಾತ್ರಿಯ ಬೆಲೆ ಎಷ್ಟು ಅಂತ ಹಿಡಿಯುತ್ತೀರಿ ಮೇಡಂ?

ಕ್ರೇವನ್ ಪಾರ್ಕ್ ಕಾಕಾ

ಬಂದ್ರು ನೋಡ್ರಿ ಮತ್ತೆ.

ದಾವಣಗೆರೆ ಡಬ್ಬಿ

ಫ್ಲಾಸ್ಕ್ ಬಗ್ಗೆ ಯಾರಿಗಾದರೂ ಗೊತ್ತಾ? ಪ್ಲಾಸ್ಟಿಕ್‌ದಾದರೆ ಒಳಗೆ ಬಿಡ್ತಾರಾ?