ಕೆರಿಬಿಯನ್‌ನ ನಗೆ ತರಿಸುವ ಫಲಕಗಳು: ನಕ್ಕು ಮುಂದೆ ಹೋಗಬಹುದಾದವು ಯಾವುವು?

ಅಲೆಮಾರಿ_ಕಣ್ಣು: ಜಮೈಕಾದ ‘ವೇಟ್-ಎ-ಬಿಟ್ ಪೊಲೀಸ್ ಸ್ಟೇಷನ್’, ರಸ್ತೆ ಬದಿಯ ‘ಸ್ಲೀಪಿಂಗ್ ಪೊಲೀಸ್‌ಮನ್’, ಲಿಟಲ್ ಕೇಮನ್ ದ್ವೀಪದಲ್ಲಿ ‘ಇಗ್ವಾನಾಗಳಿಗೆ (ದೊಡ್ಡ ಹಲ್ಲಿಯಂಥ ಪ್ರಾಣಿಗಳಿಗೆ) ಮೊದಲು ದಾರಿ ಬಿಡಿ’ ಅನ್ನುವ ಬೋರ್ಡು. ಇಂಥ ಫೋಟೊಗಳು ಓಡಾಡುತ್ತಲೇ ಇರುತ್ತವೆ. ಇವು ನಿಜವೇ? ಬಾಡಿಗೆ ಕಾರಿನಲ್ಲಿ ಸುತ್ತುವವರು ಯಾವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು?

ತಿರುವುದಾರಿ: ಮೂರೂ ನಿಜ. ವೇಟ್-ಎ-ಬಿಟ್ (‘ಸ್ವಲ್ಪ ತಾಳಿ’) ಟ್ರೆಲಾನಿ ಪ್ಯಾರಿಷ್‌ನ, ಅಂದರೆ ಜಿಲ್ಲೆಯ, ಒಂದು ಊರು, ಅಲ್ಲಿನ ಠಾಣೆಗೆ ಊರಿನ ಹೆಸರೇ. ಅದನ್ನು ಫೋಟೊ ತೆಗೆದು ಮುಂದೆ ಹೋಗಿ.

ಸ್ಲೀಪಿಂಗ್ ಪೊಲೀಸ್‌ಮನ್ ಅಂದರೆ ರಸ್ತೆ ಉಬ್ಬು. ಬಣ್ಣ ಮಾಸಿ ಟಾರಿನ ಜತೆ ಬೆರೆತುಹೋದ ಉಬ್ಬು ಹತ್ತಿರ ಬರುವವರೆಗೂ ಕಾಣುವುದಿಲ್ಲ, ಹಾಗಾಗಿ ಬೋರ್ಡು ಕಂಡ ಕೂಡಲೇ ವೇಗ ಇಳಿಸಿ. ಉಬ್ಬಿನ ಮೇಲೆ ಬ್ರೇಕ್ ಒತ್ತಿ ಹಿಡಿಯಬೇಡಿ: ಕಾರಿನ ಮೂತಿ ತಗ್ಗಿ ಅಡಿಭಾಗ ಉಜ್ಜುತ್ತದೆ. ಜಮೈಕಾದಲ್ಲಿ ‘ಅಂಡರ್‌ಟೇಕರ್ಸ್ ಲವ್ ಓವರ್‌ಟೇಕರ್ಸ್’ (ಓವರ್‌ಟೇಕ್ ಮಾಡುವವರೆಂದರೆ ಶವಸಂಸ್ಕಾರ ಮಾಡಿಸುವವರಿಗೆ ಪ್ರೀತಿ) ಅನ್ನುವ ಬೋರ್ಡನ್ನೂ ಕಾಣುತ್ತೀರಿ. ಅಲ್ಲಿನ ಬೆಟ್ಟದ ರಸ್ತೆಗಳ ತಿರುವು ನೋಡಿದರೆ ಅದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಇಗ್ವಾನಾಗಳು ಬಿಸಿಲು ಕಾಯಲು ರಸ್ತೆಯ ಮೇಲೇ ಮಲಗುತ್ತವೆ. ಕಾರು ನಿಲ್ಲಿಸಿ, ಅವು ತಾವಾಗಿ ಸರಿಯಲಿ.

ರನ್‌ವೇ_10: ನಕ್ಕು ಬಿಡಲೇಬಾರದ ಫಲಕ ಸಿಂಟ್ ಮಾರ್ಟನ್ ದ್ವೀಪದಲ್ಲಿ ವಿಮಾನ ನಿಲ್ದಾಣದ ರನ್‌ವೇ ತುದಿಗೇ ಇರುವ ಮಾಹೊ ಬೀಚಿನದು. ವಿಮಾನದ ಗಾಳಿಗೆ ಮನುಷ್ಯ ಹಾರಿ ಬೀಳುವ ಚಿತ್ರ ಕಾರ್ಟೂನಿನಂತೆ ಕಾಣುತ್ತದೆ. ತಲೆಯ ಮೇಲೆ ಇಳಿಯುವ ವಿಮಾನವನ್ನೇ ಅಪಾಯ ಅಂದುಕೊಳ್ಳುವವರು ಬಹಳ, ಆದರೆ ಹೆಚ್ಚು ಅಪಾಯ ಹೊರಡುವ ವಿಮಾನದ್ದು. ಅಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಜೆಟ್‌ಗಳು ಬೀಚಿನ ತುದಿಯಿಂದಲೇ ಪೂರ್ವಕ್ಕೆ ಮುಖಮಾಡಿ ಎಂಜಿನ್ ಪೂರ್ತಿ ಏರಿಸುತ್ತವೆ, ಆ ರಭಸವೆಲ್ಲ ಹಿಂದಿನ ಬೇಲಿಗೆ, ರಸ್ತೆಗೆ, ಮರಳಿಗೆ. ಬೇಲಿ ಹಿಡಿದು ನಿಲ್ಲುವುದು ಸಾಹಸವಲ್ಲ: 2017ರಲ್ಲಿ ಹಾಗೆ ನಿಂತಿದ್ದ ಪ್ರವಾಸಿಯೊಬ್ಬರು ಎಸೆಯಲ್ಪಟ್ಟು ತೀರಿಕೊಂಡರು. ಜೆಟ್ ರನ್‌ವೇ ತುದಿಗೆ ಬಂದು ತಿರುಗುತ್ತಿದ್ದಂತೆ ಬೀಚಿನ ಒಂದು ಪಕ್ಕಕ್ಕೆ ಸರಿಯಿರಿ. ಬ್ಯಾಗು, ಟೋಪಿ ಮರಳ ಮೇಲೆ ಬಿಡಬೇಡಿ, ಕನ್ನಡಕ ಹಾಕಿಕೊಳ್ಳಿ.

ಉಪ್ಪುಗಾಳಿ: ಇದರ ಜತೆಗೆ ‘ಮಳೆ ಬಂದಾಗ ಈ ಮರದಡಿ ನಿಲ್ಲಬೇಡಿ’ ಅನ್ನುವ ಫಲಕ. ಅದು ಕಡಲತೀರದಲ್ಲಿ ಬೆಳೆಯುವ ವಿಷದ ಮರ, ಮ್ಯಾಂಚಿನೀಲ್. ಎಲೆ, ತೊಗಟೆಯ ಹಾಲು ಮಳೆನೀರಿನ ಜತೆ ಮೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಕಾಯಿ ಪುಟ್ಟ ಹಸಿರು ಸೇಬಿನಂತೆ, ಬಾಯಿಗೆ ಮೊದಲು ಸಿಹಿ, ಆಮೇಲೆ ಗಂಟಲು ಉರಿದು ಊದಿಕೊಳ್ಳುತ್ತದೆ. ಕಟ್ಟಿಗೆ ಸುಟ್ಟರೆ ಹೊಗೆಯೂ ಕಣ್ಣಿಗೆ ಕೆಟ್ಟದ್ದು. ಹಲವು ದ್ವೀಪಗಳಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಆದರೆ ಎಲ್ಲ ಮರಕ್ಕೂ ಅಲ್ಲ. ಬೇರು ಮರಳು ಹಿಡಿದಿಡುವುದರಿಂದ ಕಡಿಯದೆ ಉಳಿಸುತ್ತಾರೆ. ಹಾಲು ತಾಗಿದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬರೀ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ.

ಅಲೆಮಾರಿ_ಕಣ್ಣು: ಧನ್ಯವಾದ. ಬಾರ್ಬಡೋಸ್‌ನ ಬಸ್ ಸ್ಟಾಪಿನಲ್ಲಿ ಊರಿನ ಹೆಸರೇ ಇಲ್ಲದೆ ‘ಟು ಸಿಟಿ’, ‘ಔಟ್ ಆಫ್ ಸಿಟಿ’ ಅಂತಷ್ಟೇ ಇರುತ್ತದಲ್ಲ?

ತಿರುವುದಾರಿ: ಸಿಟಿ ಅಂದರೆ ಬ್ರಿಜ್‌ಟೌನ್. ಆ ಕಡೆ ಹೋಗುವ ಬಸ್ಸಿಗೆ ಮೊದಲನೆಯದು, ಅಲ್ಲಿಂದ ದೂರ ಹೋಗುವುದಕ್ಕೆ ಎರಡನೆಯದು. ಬಸ್ಸು ಕಂಡಾಗ ಕೈ ತೋರಿಸಿ, ಇಲ್ಲವಾದರೆ ನಿಲ್ಲದೆ ಹೋಗಬಹುದು. ಸರಕಾರಿ ನೀಲಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ, ಸರಿಯಾದ ಹಣ ಕೈಯಲ್ಲಿರಲಿ.