ಆರ್‌ಎಕ್ಸ್-8ಗೆ ಟರ್ಬೋ ಹಾಕಬಹುದಾ?

ಬಟವಾಡಿ_06: ತುಮಕೂರಿನವನು. ಚಿಕ್ಕಪ್ಪ ಹೊರದೇಶದಿಂದ ತರಿಸಿದ್ದ ಮಜ್ದಾ ಆರ್‌ಎಕ್ಸ್-8 ಕಾರು ಈಗ ನಮ್ಮ ಶೆಡ್‌ನಲ್ಲಿದೆ. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆದರೂ ಶಕ್ತಿ ಹೆಚ್ಚಲಿ ಅಂತ ಟರ್ಬೋ ಹಾಕುವ ಆಸೆ. ಮನೆಯಲ್ಲೇ ಆಗುತ್ತಾ?

ಶಿರಾಗೇಟ್: ಟರ್ಬೋ ಸದ್ಯಕ್ಕೆ ಬಿಡಿ ಸಾರ್. ಬಿಸಿ ಇದ್ದಾಗ ಸ್ಟಾರ್ಟ್ ಆಗದಿದ್ದರೆ ಮೊದಲು ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಮೇಲೇ ಅನುಮಾನ. ಮಾಮೂಲಿ ಗೇಜ್ ಸಾಲದು, ಯಾಕಂದ್ರೆ ಇದು ರೋಟರಿ ಎಂಜಿನ್, ಪಿಸ್ಟನ್ ಬದಲು ತಿರುಗುವ ತ್ರಿಕೋನ ರೋಟರ್ ಇರುತ್ತದೆ; ಒಂದೊಂದು ರೋಟರ್‌ಗೂ ಮೂರು ಮುಖ, ಮೂರರ ಒತ್ತಡವನ್ನೂ ಬೇರೆಬೇರೆ ತೋರಿಸುವ ರೋಟರಿ ಟೆಸ್ಟರ್ ಬೇಕು. ಅದು ಸರಿ ಬಂದರೆ ನಾಲ್ಕೂ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ಬದಲಿಸಿ. ಇದು ಮನೆಯಲ್ಲೇ ಆಗುವ ಕೆಲಸ. ಒಂದೊಂದು ರೋಟರ್‌ಗೂ ಲೀಡಿಂಗ್, ಟ್ರೇಲಿಂಗ್ ಅಂತ ಎರಡು ಪ್ಲಗ್, ಅವುಗಳ ವೈರ್ ಮಾತ್ರ ಅದಲುಬದಲು ಆಗಬಾರದು.

ಕೋಲಾರದ_ಸ್ಪ್ಯಾನರ್: ಆಯಿಲ್ ಕಡಿಮೆಯಾಗುತ್ತದೆ ಅಂತ ಗಾಬರಿ ಬೇಡ ಗುರು. ರೋಟರ್ ತುದಿಗಳ ಅಪೆಕ್ಸ್ ಸೀಲ್ ಸವೆಯದಿರಲಿ ಅಂತ ಈ ಎಂಜಿನ್ ತಾನೇ ಸ್ವಲ್ಪ ಆಯಿಲ್ ಸುಡುತ್ತದೆ, ಡಿಪ್‌ಸ್ಟಿಕ್ ಆಗಾಗ ನೋಡಿ. ಇರೋದು 1308 ಸಿಸಿ, ಆದರೆ ಶಾಖ ಜಾಸ್ತಿ. ದುಡ್ಡಿದ್ದರೆ ಒಳ್ಳೆ ರೇಡಿಯೇಟರ್ ಹಾಕಿ. ಬೇರೆ ಎಂಜಿನ್ ಕೂರಿಸುವ ಯೋಚನೆ ಬಂದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು, ಅದೇ ದೊಡ್ಡ ತಲೆನೋವು.

ಬಟವಾಡಿ_06: ಆ ಟೆಸ್ಟರ್ ಯಾರ ಹತ್ತಿರ ಇದೆ? ಬೆಂಗಳೂರಿಗೇ ಎಳೆದುಕೊಂಡು ಹೋಗಬೇಕಾ?